ಖಾಲಿ ಗಾಡಿಯ ಸಪ್ಪಳ

ಆಗಸ್ಟ್ 4, 2024, ರವಿವಾರ. ಲಿಂಗಸುಗೂರು

ಗಾಡಿ ಮನಿಗೆ ಬಂತು. ಬಿಳೇದು, ಹತ್ತು ವರ್ಷ ಓಡಿದ್ದು, ಆದ್ರ ಇವತ್ತಿಂದ ನನ್ನದು. ವೆಂಕೋಬ ಮಾವ ಹೊಸಾದು ತಗೊಂಡ ಅಂತ ಇದನ್ನ ನನಗ ರೊಕ್ಕಕ್ಕ ಕೊಟ್ಟ. ಅಕ್ಕನ ಗಂಡ ಆದ್ರೇನು, ಸಿಂಧನೂರಾಗ ಅಕ್ಕಿ ವ್ಯಾಪಾರ ಮಾಡಿ ಪಳಗಿದ ಮನುಷ್ಯಾ. ಕೊಡೂ ಮುಂದನೂ 'ಒಬ್ಬಾಕಿಗೆ ಯಾಕಬೇ ಕಾರು, ಸ್ಕೂಟಿ ಸಾಲ್ದೇನು' ಅಂತ ನಕ್ಕ. ನಾ ನರ್ಸು, ಪಾಮನಕಲ್ಲೂರು ಕಡೆ ಹಳ್ಳಿಗೋಳು ನನ್ನ ಡ್ಯೂಟಿ, ಬ್ಯಾನಿ ತಿನ್ನೋ ಹೆಣ್ಮಗಳನ್ನ ಸ್ಕೂಟಿ ಮ್ಯಾಲ ಕೂಡಿಸ್ಕೊಂಡು ದವಾಖಾನಿಗೆ ಹೋಗಾಕ ಆಗ್ತೈತೇನು ಅಂತ ಕೇಳಿದೆ. ಚಾವಿ ತಗದು ಕೈಯಾಗ ಇಟ್ಟ.

ಸಿಂಧನೂರಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಪೂರಾ ನಾನ ನಡಸಿದೆ. ಮಾವ ಬಾಜೂಕ, ಅಮರಮ್ಮಕ್ಕ ಹಿಂದ. ಡಿಕ್ಕ್ಯಾಗ ಎರಡು ಚೀಲ ಅಕ್ಕಿ ಇಡಿಸಿದ್ದ ಮಾವ, ಗಾಡಿ ಬರಿದ ಕೊಡಬಾರದಂತ. ಒಂದು ಸಪ್ಪಳಿಲ್ಲ, ಒಂದು ಕುಲುಕಿಲ್ಲ. ಮನಿ ಮುಂದ ನಿಲ್ಲಸಿ ಇಳಿಯೂ ಮುಂದ ಕಣ್ಣಾಗ ನೀರು ಬಂತು. ಮೂವತ್ತೆಂಟು ವರ್ಷಕ್ಕ ಒಂದು ಕಾರು.

ಆಗಸ್ಟ್ 8

ಇವತ್ತ ಮುಂಜಾನೆ ಬಾಜೂ ಮನಿಯವರನ್ನ ಕರದು ಅಕ್ಕಿ ಚೀಲ ಇಳಿಸಿದೆ. ನಾಕು ದಿನ ಡಿಕ್ಕ್ಯಾಗ ಕುಂತಿದ್ವು. ಡ್ಯೂಟಿಗೆ ಹೊಂಟಾಗ ಮಸ್ಕಿ ರಸ್ತೆದ ಮೊದಲನೇ ಹಂಪಿನ ಮ್ಯಾಲ ಟಕ್ ಅಂತು. ಯಾವುದೋ ಬಾಟ್ಲಿ ಬಿದ್ದಿರಬೇಕಂತ ಸುಮ್ನಾದೆ. ಎರಡನೇ ಹಂಪಿಗೂ ಟಕ್. ತಗ್ಗಿಗೆ ಇಳಿದ್ರ ಟಕ್, ಏರಿದ್ರ ಟಕ್. ನಿಲ್ಲಸಿ ಸೀಟಿನ ಕೆಳಗ, ಸ್ಟೆಪ್ನಿ ಕೆಳಗ ಎಲ್ಲಾ ಹುಡುಕಿದೆ. ಏನೂ ಇಲ್ಲ.

ಮುಂದಿಂದೋ ಹಿಂದಿಂದೋ ಅದೂ ತಿಳೀವಲ್ದು.

ಆಗಸ್ಟ್ 14

ಬಸ್ ಸ್ಟ್ಯಾಂಡ್ ಹಿಂದ ಚನ್ನುನ ಗ್ಯಾರೇಜಿಗೆ ಹೋದೆ. ಚನ್ನು ದೊಡ್ಡಾಳು, ಅಂವ ಹತ್ತಿದ್ರ ಗಾಡಿ ಕುಗ್ಗತೈತಿ. ತಾನೊಬ್ಬನ ಒಂದು ಸುತ್ತು ನಡಸ್ಕೊಂಡು ಬಂದು, ಸಪ್ಪಳ ಐತ್ರಿ ಸಿಸ್ಟರ್, ಮುಂದಿನ ಲಿಂಕ್ ರಾಡ್ ಹೋಗ್ಯಾವ ಅಂದ. ಮುಂದಿನ ಗಾಲಿ ಒಳಗಿನ ಸಣ್ಣ ಸರಳು ಅವು. ಎರಡೂ ಹೊಸಾವು ಹಾಕಿದ. ಆಮ್ಯಾಲ ನಾ ನಡಸಿದೆ, ಅಂವ ಹಿಂದಿನ ಸೀಟಿನ್ಯಾಗ ಕುಂತು ಕಿವಿಗೊಟ್ಟ. ಆರು ಹಂಪು ಹಾರಿಸಿದೆ. ಗಪ್‌ಚುಪ್. ನೋಡ್ರಿ, ಹೆಂಗ ಹೋತು ಅಂತ ಹೆಮ್ಮಿಯಿಂದ ಇಳದ.

ಅಂವ ಇಳದು ನಾ ಮನಿ ಮುಟ್ಟೂದ್ರಾಗ ಮೂರು ಸಲ ಟಕ್ ಅಂತು. ತಿರುಗಿ ಹೋಗಿ ಹೇಳಿದ್ರ, ಹಳೇ ಗಾಡಿ ಅಂದ್ರ ಒಂದೀಟು ಮಾತಾಡ್ತೈತ್ರಿ ಅಂದ.

ಆಗಸ್ಟ್ 25, ರವಿವಾರ. ಸಿಂಧನೂರು

ಬರಿಯಾಕ ಕುಂತ್ರ ಪೆನ್ನು ಒತ್ತಿ ಹಾಳಿ ಹರೀತು. ಸಿಟ್ಟಿಗೆ.

ಇವತ್ತ ಮೇಘಾನ ಕುಬಸ ಇತ್ತು. ಅಕ್ಕನ ಮಗಳು, ಏಳು ತಿಂಗಳ ಬಸುರಿ, ಹಸರು ಸೀರಿ ಉಟ್ಟು ಬಾಳ ಚಂದ ಕಾಣತಿದ್ಲು. ಮಂದಿ ಅರವತ್ತರ ಮ್ಯಾಲ. ಊಟದ ಪಂಕ್ತ್ಯಾಗ ಮಾವನ ಹಂತ್ಯಾಕ ಹೋಗಿ, ಗಾಡಿಗೆ ಸಪ್ಪಳ ಬರಾಕತ್ತೈತಿ, ನಿನ್ನ ಕಾಲಕ್ಕೂ ಇತ್ತೇನು ಅಂತ ಮೆತ್ತಗ ಕೇಳಿದೆ. ಮೆತ್ತಗ ಕೇಳಿದೆ. ಅಂವ ಎಲ್ಲಾರಿಗೂ ಕೇಳೂ ಹಂಗ ಅಂದ:

"ಹತ್ತು ವರ್ಷ ನಾ ನಡಸೀನಿ, ಒಂದಿನ ಸಪ್ಪಳ ಕೇಳಿಲ್ಲ. ಸಪ್ಪಳ ಗಾಡ್ಯಾಗಿಲ್ಲ ಭಾರತಿ, ನಿನ್ನ ತಲ್ಯಾಗ ಐತಿ. ಒಬ್ಬಾಕೇ ಇದ್ರ ಹಂಗ ಆಗ್ತೈತಿ."

ಪಂಕ್ತಿ ಪೂರಾ ನಕ್ತು. ಬೀಗರು ನಕ್ಕರು. ಅಕ್ಕ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು, ನಾ ನೋಡಿದೆ. ಅಷ್ಟಕ್ಕ ಬಿಡಲಿಲ್ಲ, ಯಾರಿಗೆ ತೋರಿಸಿದಿ ಅಂತ ಕೇಳಿ ಚನ್ನುಗ ಫೋನ್ ಹಚ್ಚಿ ಸ್ಪೀಕರ್ ಇಟ್ಟ. ಆ ಚನ್ನು ಸುಡುಗಾಡನೂ ತನ್ನ ಕೆಲಸಕ್ಕ ಕೆಟ್ಟ ಹೆಸರು ಬರಬಾರದಂತ, ಎಲ್ಲಾ ಬರೋಬರ್ ಐತ್ರಿ ಸಾಹುಕಾರ್ರ, ನಾನ ಕುಂತು ನೋಡೀನಿ ಅಂದ. ನೀ ಒಬ್ಬನ ಒಂದು ಸುತ್ತು ನಡಸಿ ನೋಡು ಮಾವ ಅಂತ ಕೇಳಿದ್ರ, ನನಗ ಬ್ಯಾರೆ ಕೆಲಸಿಲ್ಲೇನು ಅಂತ ಎಲಿ ಮಡಚಿ ಎದ್ದ.

ಇಪ್ಪತ್ತು ವರ್ಷ ದುಡದು ತಿಂದೀನಿ, ಯಾರ ಮುಂದನೂ ಕೈ ಚಾಚಿಲ್ಲ. ಒಬ್ಬಾಕೇ ಇದ್ರ ಹಂಗ ಆಗ್ತೈತಂತ! ಈ ಅರವತ್ತು ಮಂದಿ ಮುಂದ, ಇದ ಮನಿ ಬಾಗಿಲದಾಗ, ಇವನ ಮಾರಿ ಸಣ್ಣದು ಮಾಡಲಿಲ್ಲ ಅಂದ್ರ ನಾ ಭಾರತಿ ಅಲ್ಲ.

ಆಗಸ್ಟ್ 26

ನಿನ್ನೆ ತಿರುಗಿ ಬರೂ ಮುಂದ ಮಸ್ಕಿತನಕ ಬೀಗರ ಕಡೆ ಮೂರು ಮಂದಿ ಕುಂತಿದ್ರು. ಒಂದು ಟಕ್ ಇಲ್ಲ. ಅವರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಗಾಡಿನೂ ಅವರ ಪಾರ್ಟಿಗೆ ಸೇರೈತಿ.

ಸೆಪ್ಟೆಂಬರ್ 8

ತಿಳೀತು. ಇವತ್ತ ಪೂರಾ ತಿಳೀತು.

ಚನ್ನು ಹೋದ ವಾರ ಹಿಂದಿನ ಶಾಕಪ್ಸರ್ ಎರಡೂ ಬದಲಿ ಮಾಡಿದ್ದ. ಏನೂ ಫರಕ್ ಆಗಿದ್ದಿಲ್ಲ. ಇವತ್ತ ಮನ್ಯಾಗ ಇದ್ದೆ, ಸುಮ್ನ ಯಾಕ ಕುಂದ್ರೂದಂತ ಒಂದು ಚೀಲ ಅಕ್ಕಿ ಮತ್ತ ಡಿಕ್ಕ್ಯಾಗ ಹಾಕಿಸಿದೆ. ಟಕ್ ಸಣ್ಣದಾತು. ಎರಡನೇ ಚೀಲ ಹಾಕಿಸಿದೆ. ಪೂರಾ ಬಂದ್. ಎರಡೂ ಇಳಿಸಿ ಹೋದೆ, ಟಕ್ ಟಕ್. ಮೂರು ಸಲ ಹಾಕಿಸಿ ಮೂರು ಸಲ ಇಳಿಸಿದೆ. ಬಾಜೂ ಮನಿಯವರು ನನ್ನ ಹುಚ್ಚಿ ಅಂದುಕೊಂಡಿರಬೇಕು, ಅನಕೊಳ್ಳವಲ್ರ್ಯಾಕ.

ಹಿಂದ ತೂಕ ಬಿದ್ರ ಸಪ್ಪಳ ಇಲ್ಲ. ಹಂಗಾರ ಆ ದಿನ ಡಿಕ್ಕ್ಯಾಗ ಎರಡು ಚೀಲ ಅಕ್ಕಿ ಯಾಕ ಇಡಿಸಿದ್ದ ಮಾವ? ಪ್ರೀತಿಗೇನು? ಬರಿದ ಕೊಡಬಾರದಂತ! ಎಲಾ ಕಳ್ಳ! ಸಪ್ಪಳ ಮುಚ್ಚಾಕ ಅಕ್ಕಿ ಇಟ್ಟಿ. ನಾ ಬೇರೆ ಕಣ್ಣೀರು ಹಾಕ್ಕೊಂಡು ಗಾಡಿ ಇಳಿದಿದ್ದೆ. ಆ ಅಕ್ಕಿ ಅನ್ನಾನ ಉಣ್ಣಾಕತ್ತೀನಿ ಒಂದು ತಿಂಗಳಿಂದ.

ಸೆಪ್ಟೆಂಬರ್ 17

ನನ್ನ ಜೋಡಿ ಹಳ್ಳಿ ತಿರುಗೋ ಆಶಾ ಕಾರ್ಯಕರ್ತೆ ಖಾಸಿಂಬೀ. ಅಕಿಗೆ ಕೇಳಿಸ್ಬೇಕಂತ ಹಿಂದ ಕೂಡಿಸಿ ಕವಿತಾಳ ರಸ್ತೆದಾಗ ತಗ್ಗು ಹುಡುಕಿ ಹುಡುಕಿ ಇಳಿಸಿದೆ. ಖಾಸಿಂಬೀ ಗಟ್ಟಿಮುಟ್ಟು ಹೆಣ್ಮಗಳು. ಬರಲಿಲ್ಲ. ಅಕಿ ಪಾಪ ನನ್ನ ಮನಸ್ಸು ನೋಯಬಾರದಂತ, ಹಾಂ ಅಕ್ಕಾ, ಏನೋ ಬಂದಂಗಾತು ಅಂದ್ಲು. ಸುಳ್ಳು ಅಂತ ಮಾರಿ ಮ್ಯಾಲ ಬರದಿತ್ತು. ಮೈಯೆಲ್ಲಾ ಉರದು ಹೋತು.

ಸಾಕ್ಷಿ ಕೂಡಿಸಿದ್ರ ಸಪ್ಪಳ ಇಲ್ಲ, ಸಪ್ಪಳ ಬಂದಾಗ ಸಾಕ್ಷಿ ಇಲ್ಲ. ಇದು ನನಗಂತ ಹುಟ್ಟಿದ ರೋಗ.

ಸೆಪ್ಟೆಂಬರ್ 24

ಈಗ ಕಿವಿ ಚೊಕ್ಕ ಆಗೈತಿ. ಹಿಂದಿಂದು, ಬಲಗಡಿಂದು. ಮುಂದಿನ ಗಾಲಿ ಹಂಪು ದಾಟಿದಾಗ ಬರಂಗಿಲ್ಲ, ಹಿಂದಿನ ಗಾಲಿ ಇಳದಾಗ ಬರ್ತೈತಿ. ಥಂಡಿದಾಗ ಜಾಸ್ತಿ. ಎಡಕ್ಕ ತಿರುಗಿದ್ರ ಇಲ್ಲ. ಎಲ್ಲಾ ಗುರ್ತು ಹಿಡದೀನಿ.

ಮಧ್ಯಾಹ್ನ ಕ್ರಾಸಿನ್ಯಾಗ ಬಸುರಿ ಹೆಣ್ಮಗಳೊಬ್ಬಾಕಿ ತನ್ನ ಅತ್ತಿ ಜೋಡಿ ನಿಂತು ಕೈ ಮಾಡಿದ್ಲು. ನಿಲ್ಲಸಲಿಲ್ಲ. ಅವರಿಬ್ಬರು ಕುಂತ್ರ ಸಪ್ಪಳ ಹೋಗಿಬಿಡ್ತೈತಿ, ನಾ ಇವತ್ತ ಕವಿತಾಳತನಕ ಪೂರಾ ಕೇಳ್ಬೇಕಂತ ಮಾಡಿದ್ದೆ. ಬಸ್ಸು ಹೆಂಗೂ ಇರ್ತೈತಿ.

ಅಕ್ಟೋಬರ್ 3. ಸಿಂಧನೂರು

ಖಾಸಿಂಬೀಯ ಮಾವ ದಾವಲ್‌ಸಾಬ್ ಸಿಂಧನೂರಾಗ ಮೊದಲು ಜೀಪು ಮಿಸ್ತ್ರಿ ಆಗಿದ್ನಂತ. ಈಗ ವಯಸ್ಸಾಗೈತಿ, ಕಾಲುವಿ ದಂಡಿಗೆ ಒಂದು ತಗಡಿನ ಶೆಡ್ಡಿನ್ಯಾಗ ಕುಂದರ್ತಾನ. ಖಾಸಿಂಬೀ ಹೇಳಿದ್ಲಂತ ಹೋದೆ. ನಾ ಎಲ್ಲಾ ಹೇಳಿ ಮುಗಸೂತನಕ ನಡುಕ ಬಾಯಿ ಹಾಕಲಿಲ್ಲ. ತೂಕದ ಮಾತು ಕೇಳಿದ ಮ್ಯಾಲ ಎದ್ದ. ಗಾಡಿ ಹತ್ತಂಗಿಲ್ಲ ಅಂದ. ನಾ ಹತ್ತಿದ್ರ ಅದು ಮಾತು ಬಂದ್ ಮಾಡ್ತೈತಿ, ನೀನ ಖಾಲಿ ನಡಸು ಬೇಟಿ, ನಾ ಇಲ್ಲಿ ಕುಂದರ್ತೀನಿ ಅಂತ ರೋಡಿನ ಹಂಪಿನ ಬಾಜೂಕ ಕುಕ್ಕರಗಾಲಿಲೆ ಕುಂತ.

ನಾ ಅತ್ತ ಹೋಗ್ತೀನಿ ಇತ್ತ ಬರ್ತೀನಿ. ಅಂವ ಕಣ್ಣು ಮುಚ್ಚಿಕೊಂಡು ನೆಲದ ಸಮ ಕಿವಿ ಇಟ್ಟಾನ. ಲಾರಿಯವರು ಹಾರ್ನ್ ಹೊಡದು ಬೈದು ಹೋದ್ರು. ಎಂಟನೇ ಸಲಕ್ಕ ಕೈ ಎತ್ತಿ ನಿಲ್ಲಸಿದ.

"ಐತಿ ಬೇಟಿ. ಸಪ್ಪಳ ಐತಿ."

ಸ್ಟಿಯರಿಂಗ್ ಮ್ಯಾಲ ತಲಿ ಇಟ್ಟು ಅತ್ತೆ. ನಾಚಿಕಿ ಬಿಟ್ಟು ಅತ್ತೆ. ಎರಡು ತಿಂಗಳಾತು, ಚನ್ನು ಒಂದು ಸಲ ಕೇಳಿ ಆಮ್ಯಾಲ ಇಲ್ಲ ಅಂದ ಮ್ಯಾಲ ಈಗ ಇನ್ನೊಬ್ಬರ ಕಿವಿಗೆ ಅದು ಬಿತ್ತು.

ಜಾಕ್ ಹಚ್ಚಿ ಎತ್ತಿದ. ಹಿಂದಿನ ಬಲಗಡಿ ಸ್ಪ್ರಿಂಗಿನ ಬುಡದಾಗ ಕೆಸರು ಗಟ್ಟಿಯಾಗಿ ಕುಂತಿತ್ತು, ಅದನ್ನ ಕೆತ್ತಿ ತಗದು ತೋರಿಸಿದ. ಕಟ್ಟಕಡಿ ಸುತ್ತು ಮುರದೈತಿ. ತೂಕ ಬಿದ್ರ ಮುರಿದ ತುಂಡು ಅದುಮಿ ಕೂಡತೈತಿ, ತೂಕ ತಗದ್ರ ಬಿಟ್ಟು ಬಡೀತೈತಿ. ಕೆಸರಾಗ ಮುಚ್ಚಿದ್ದಕ್ಕ ಚನ್ನುಗ ಕಂಡಿಲ್ಲ, ಅಂವ ಕಿವೀಲೆ ಹುಡುಕದ ಕೈಗೆ ಸಿಕ್ಕಿದ್ದು ಬಿಚ್ಚ್ಯಾನ ಅಂದ. ಬಲಗಡಿ ಒಂದ ಹಾಕಿದ್ರ ಗಾಡಿ ವಾಲ್ತೈತಿ, ಎರಡೂ ಕಡಿ ಕೂಡೇ ಬದಲಿ ಮಾಡ್ಬೇಕು, ಇವತ್ತ ಮಾಡ್ತೀನಿ ಅಂತ ನಟ್ಟು ಬಿಚ್ಚೋ ಪಾನ ತಗೊಂಡ.

ನಾ ಬ್ಯಾಡ ಅಂದೆ.

ಅಂವಂಗ ತಿಳೀಲಿಲ್ಲ. ಇಷ್ಟು ದಿನ ಹುಡುಕಿದಿ, ಸಿಕ್ಕೈತಿ, ಈಗ ಯಾಕ ಬ್ಯಾಡ ಅಂತ ಕೇಳಿದ. ಇನ್ನೊಂದು ತಿಂಗಳು ಹಿಂಗ ಇರ್ಲಿ ಚಾಚಾ, ಒಬ್ಬರಿಗೆ ಕೇಳಿಸ್ಬೇಕು ಅಂದೆ. ಅಂವ ಪಾನ ಕೆಳಗಿಟ್ಟು ಹೇಳಿದ, "ಮುರಿದ ತುದಿ ಜರಗಿ ಟೈರಿಗೆ ಹತ್ತಿದ್ರ ಕೊಯ್ತೈತಿ. ಕರ್ ಕರ್ ಅಂತ ಬ್ಯಾರೆ ಸಪ್ಪಳ ಬಂತಂದ್ರ ಒಂದು ಮಾರು ಮುಂದ ಹೋಗಬ್ಯಾಡ. ಖಾಲಿ ಗಾಡ್ಯಾಗ ಸಪ್ಪಳ ಮಾಡಿ ಹೇಳ್ತೈತಿ. ತೂಕದಾಗ ಹೇಳಂಗಿಲ್ಲ, ಸುಮ್ನ ಮುರೀತೈತಿ."

ಹೂಂ ಅಂದು ಬಂದೆ.

ಅಕ್ಟೋಬರ್ 5

ಮೇಘಾನ ಹೆರಿಗಿ ಈ ತಿಂಗಳ ಕಡೀಕ. ತೊಟ್ಟಲಿಗೆ ಅದ ಅರವತ್ತು ಮಂದಿ ಕೂಡ್ತಾರ, ಅದ ಬೀಗರು, ಅದ ಪಂಕ್ತಿ. ಮಾವನ ಮನಿ ಮುಂದ ಸರಿಯಾಗಿ ಒಂದು ಹಂಪು ಐತಿ. ಎಲ್ಲಾರನ್ನೂ ಕಟ್ಟಿ ಮ್ಯಾಲ ನಿಲ್ಲಸ್ತೀನಿ, ನಾ ಒಬ್ಬಾಕೇ ಖಾಲಿ ಗಾಡಿ ನಡಸ್ತೀನಿ. ಟಕ್ ಅನ್ನಲಿ. ಹತ್ತು ಸಲ ಅನ್ನಲಿ. ಆಮ್ಯಾಲ ಅಕ್ಕಿ ಚೀಲದ ಮಾತು ತಗೀತೀನಿ. ಮಾವ ಹೆಂಗ ನಿಂತಿರ್ತಾನ, ಅಕ್ಕ ಸೆರಗು ಎಲ್ಲಿ ಹಚ್ಚಿಕೋತಾಳ, ಎಲ್ಲಾ ಕಣ್ಣಿಗೆ ಕಟ್ಟಾಕತ್ತೈತಿ. ಇಷ್ಟು ಖುಷಿ ಆಗಿ ಎಷ್ಟು ದಿನ ಆಗಿತ್ತೋ.

ಅಕ್ಟೋಬರ್ 16

ದಾವಲ್‌ಸಾಬ್ ಖಾಸಿಂಬೀ ಕೈಲೆ ಎರಡು ಸಲ ಹೇಳಿ ಕಳಿಸ್ಯಾನ. ಸ್ಪ್ರಿಂಗ್ ತರಿಸಿ ಇಟ್ಟಾನಂತ. ಹೋಗಂಗಿಲ್ಲ.

ಅಕ್ಟೋಬರ್ 24

ಹೆಣ್ಣು ಕೂಸು. ಎರಡು ಕಿಲೋ ಒಂಬೈನೂರು. ನಮ್ಮ ಚಿಗವ್ವ ನರ್ಸ್ ಅದಾಳ, ನಾ ಲಿಂಗಸುಗೂರಾಗ ಹಡೀತೀನಿ ಅಂತ ಮೇಘಾ ಹಟ ಹಿಡದು ಹತ್ತು ದಿನದಿಂದ ನನ್ನ ಮನ್ಯಾಗ ಇದ್ಲು. ಬ್ಯಾನಿ ಬಂದಾಗ ನನ್ನ ಕೈ ಬಿಡಲಿಲ್ಲ. ಕೂಸಿನ ಎದಿಬಡಿತ ನಾನ ಮೊದಲು ಕೇಳಿದೆ. ಅಕ್ಕ ನನ್ನ ಕಾಲು ಮುಟ್ಟಾಕ ಬಂದ್ಲು, ಕೊಸರಿಕೊಂಡೆ.

ಮಾವ ಫೋನ್ ಮಾಡಿ, ರವಿವಾರ ಬಿಡ್ತಾರಂತಲ್ಲ, ನಿನ್ನ ಗಾಡ್ಯಾಗ ಕರಕೊಂಡು ಬಾ ಅಂದ. ಆತು ಅಂದೆ. ಬ್ಯಾಡ ಅನ್ನಾಕ ಏನು ಕಾರಣ ಹೇಳ್ಲಿ? ಸ್ಪ್ರಿಂಗ್ ಮುರದೈತಿ ಅಂದ್ರ, ಹಾಕಿಸ್ಕೊಂಡು ಬಾ ಅಂತಾನ. ಹಾಕಿಸಿದ್ರ ಸಪ್ಪಳ ಹೋಗ್ತೈತಿ. ತೊಟ್ಟಲಿಗೆ ಇನ್ನ ಹನ್ನೆರಡ ದಿನ. ನಿಧಾನ ಹೋದ್ರಾತು. ಹೆಂಗೂ ತೂಕ ಇರ್ತೈತಿ, ಸಪ್ಪಳ ಬರಂಗಿಲ್ಲ.

ಅಕ್ಟೋಬರ್ 27, ರವಿವಾರ. ಸಿಂಧನೂರು

ಎಲ್ಲಾ ಬರದಿಡ್ತೀನಿ. ಒಂದೂ ಬಿಡಂಗಿಲ್ಲ.

ಹತ್ತು ಗಂಟೆಕ್ಕ ಹೊಂಟ್ವಿ. ಹಿಂದ ಅಕ್ಕ, ಮೇಘಾ, ಮೇಘಾನ ತೊಡಿ ಮ್ಯಾಲ ಮೂರು ದಿನದ ಕೂಸು. ಡಿಕ್ಕಿ ತುಂಬ ಹಾಸಿಗಿ, ಗಂಟು, ಬಾಣಂತಿ ಸಾಮಾನು. ಸಪ್ಪಳ ಸುತಾರಾಂ ಇಲ್ಲ. ಎರಡು ತಿಂಗಳು ಆ ಟಕ್ ಕೇಳಿ ಕೇಳಿ ಸಿಟ್ಟು ಬರ್ತಿತ್ತು, ಇವತ್ತ ಅದು ಇಲ್ಲ ಅನ್ನೂದಕ್ಕ ಗಾಡಿ ಇನ್ನೂ ನಿಧಾನ ಮಾಡಿದೆ. ಪ್ರತಿ ತಗ್ಗಿಗೆ ದಾವಲ್‌ಸಾಬನ ಮಾತು ನೆನಪಾಗ್ತಿತ್ತು, ತೂಕದಾಗ ಹೇಳಂಗಿಲ್ಲ ಅಂದಿದ್ದು. ಅಕ್ಕ ಹಿಂದಿಂದ, ನೋಡು ಎಷ್ಟು ಚಲೋ ಐತಿ ಗಾಡಿ, ನೀನ ಸುಮ್ನ ತಲಿ ಕೆಡಿಸ್ಕೊಂಡಿದ್ದಿ ಅಂದ್ಲು.

ಮಸ್ಕಿ ಇನ್ನ ಮೂರು ನಾಕು ಕಿಲೋಮೀಟರ್ ಇರೂ ಮುಂದ ಹಳ್ಳದ ಸೇತುವಿ ಮ್ಯಾಲ ಬಂತು. ಕರ್ ಕರ್. ಸಣ್ಣಗ. ಹಿಂದ ಬಲಕ್ಕ. ಒಂದು ಮಾರು ಮುಂದ ಹೋಗಬ್ಯಾಡ ಅಂದಿದ್ದ ಅಂವ. ನಾ ಮಸ್ಕಿತನಕ ಹೋದೆ. ನಿಂತ್ಹೋಗ್ತೈತಿ, ಈಗ ನಿಂತ್ಹೋಗ್ತೈತಿ ಅಂತ ಹೋದೆ. ಬಸ್ ಸ್ಟ್ಯಾಂಡ್ ಹಂತ್ಯಾಕ ಸರ್ದಾರಬಿ ಅಂತ ಒಬ್ಬಾಕಿದು ಚಾದ ಹೋಟ್ಲು ಐತಿ, ಅಲ್ಲಿ ನಿಲ್ಲಸಿ ಇಳದು ಟೈರಿನ ಒಳಗಡಿ ಕೈ ಆಡಿಸಿದೆ. ಉಗುರು ಇಳಿಯೂ ಅಷ್ಟು ಕೊಯ್ದಿತ್ತು. ಬೆರಳಿಗೆ ಕರೀ ಪುಡಿ ಹತ್ತಿತು.

ಎಲ್ಲಾರೂ ಇಳೀರಿ ಅಂದೆ. ಅಕ್ಕ ನನ್ನ ಮಾರಿ ನೋಡಿ, "ಹುಚ್ಚಿ ಏನಬೇ, ಹಸೀ ಬಾಣಂತಿನ್ನ ರೋಡಿನ್ಯಾಗ ಇಳಸ್ತಿ?" ಅಂದ್ಲು. ಗಾಡಿ ಮುಂದ ಹೋಗಂಗಿಲ್ಲ ಅಂದೆ. ಯಾಕಂತ ಕೇಳಿದ್ರ, ಸಪ್ಪಳ ಬರಾಕತ್ತೈತಿ ಅಂದೆ. ಮೇಘಾನೂ ಅಕ್ಕನೂ ಒಬ್ಬರನ್ನೊಬ್ಬರು ನೋಡಿದ್ರು, ಅದ ನೋಟ. ಸರ್ದಾರಬಿ ಪಾಪ ಒಳಗ ತನ್ನ ಮಂಚ ಬಿಟ್ಟುಕೊಟ್ಲು. ಅಕ್ಕ ಗಂಡಗ ಫೋನ್ ಹಚ್ಚಿ ಅತ್ಲು.

ಮಾವ ತನ್ನ ಹೊಸಾ ಗಾಡಿಗೆ ಒಬ್ಬ ಡ್ರೈವರನ್ನ ಹಾಕ್ಕೊಂಡು ಮುಕ್ಕಾಲು ತಾಸಿಗೆ ಬಂದ. ಚೀರಾಡ್ತಾನ ಅಂದುಕೊಂಡಿದ್ದೆ, ಚೀರಲಿಲ್ಲ. ಕೂಸಿನ ಮಾರಿ ಮ್ಯಾಲ ಬಿಸಿಲು ಬೀಳಲಾರದಂಗ ತನ್ನ ಟವೆಲ್ ಹಿಡದು ಆ ಗಾಡಿಗೆ ಕೂಡಿಸಿದ. ಆಮ್ಯಾಲ ನನ್ನ ಮುಂದ ಕೈ ಚಾಚಿದ. "ಚಾವಿ ಕೊಡು. ಸಿಂಧನೂರಿಗೆ ಇದನ್ನ ನಾ ಒಬ್ಬನ ನಡಸ್ತೀನಿ. ಸಪ್ಪಳ ಬರಲಿಲ್ಲ ಅಂದ್ರ ಇನ್ನ ಆ ಮಾತು ನನ್ನ ಮನ್ಯಾಗ ಬರಬಾರದು."

ಡಿಕ್ಕ್ಯಾಗಿನ ಸಾಮಾನೆಲ್ಲಾ ನನ್ನ ಕೈಯಾರ ತಗದು ಆ ಗಾಡಿಗೆ ಹಾಕಿದೆ. ಒಂದು ಗಂಟು ಬಿಡಲಿಲ್ಲ. ಪೂರಾ ಖಾಲಿ ಆಗ್ಲಿ ಅಂತ. ಚಾವಿ ಕೊಟ್ಟೆ. ಟೈರ್ ಕೊಯ್ದೈತಿ ಅನ್ನೂ ಮಾತು ಬಾಯಿತನಕ ಬಂತು. ನುಂಗಿದೆ.

ಅರ್ಧ ತಾಸಿನ ದಾರಿ. ನಾವು ಮುಟ್ಟಿ ಕೂಸಿಗೆ ದೃಷ್ಟಿ ತಗದು ಒಳಗ ಮಲಗಿಸಿದ್ವಿ, ಅಂವ ಬರಲಿಲ್ಲ. ಒಂದು ತಾಸಾತು. ಫೋನ್ ಎತ್ತವಲ್ಲ. ಅಕ್ಕ ಬಾಗಿಲಿಗೂ ರೋಡಿಗೂ ತಿರುಗಾಕತ್ತಿದ್ಲು. ಬಂದ್ರ ಸಾಕು ದೇವರ, ಸಪ್ಪಳ ಕೇಳದಿದ್ರೂ ಚಿಂತಿಲ್ಲ ಅಂತ ಅಂದುಕೊಂಡೆ.

ಒಂದೂವರಿ ತಾಸಿಗೆ ಬಂದ. ಕೂಸು ನೋಡಾಕ ಓಣಿ ಮಂದಿ ಕೂಡಿದ್ರು. ಕಟ್ಟಿ ಮ್ಯಾಲ ಕುಂತು ನೀರು ಕುಡದು ಎಲ್ಲಾರ ಮುಂದ ಅಂದ, "ಸಪ್ಪಳ ಐತಿ. ಭಾರತಿ ಹೇಳಿದ್ದು ಖರೇ. ದಾರ್ಯಾಗ ಮಿಸ್ತ್ರಿಗೆ ತೋರಿಸಿದೆ, ಸ್ಪ್ರಿಂಗ್ ಮುರದು ಟೈರ್ ಕೊಯ್ದೈತಿ. ಸ್ಟೆಪ್ನಿ ಹಾಕಿಸ್ಕೊಂಡು ಬಂದೆ." ಆಮ್ಯಾಲ ತನಗ ತಾನ ಅಂದಂಗ ಅಂದ, "ಹತ್ತು ವರ್ಷದಾಗ ಒಂದಿನಾನೂ ನಾ ಇದನ್ನ ಖಾಲಿ ನಡಸಿಲ್ಲ. ಮನಿಮಂದಿ ಇಲ್ಲಂದ್ರ ಅಕ್ಕಿ ಚೀಲ. ಒಬ್ಬನ ಕುಂತಿದ್ದು ಇವತ್ತ ಮೊದಲು."

ನನ್ನ ಕಡೆ ತಿರುಗಿ ಕೇಳಿದ, "ನಿನಗ ಯಾವಾಗ ಗೊತ್ತಾತು, ಸ್ಪ್ರಿಂಗ್ ಮುರದೈತಿ ಅಂತ?"

"ಇವತ್ತ," ಅಂದೆ. "ಮಸ್ಕ್ಯಾಗ."

ಎಲ್ಲಾರೂ ನಂಬಿದ್ರು. ನರ್ಸ್ ಅಲ್ಲೇನ್ರಿ, ಎರಡು ಜೀವ ಉಳಿಸಿದ್ಲು ಅಂತ ಬಾಜೂ ಮನಿ ಹೆಣ್ಮಕ್ಕಳು ನನ್ನ ಗಲ್ಲ ಸವರಿದ್ರು. ಅಕ್ಕ ನನ್ನ ಅಪ್ಪಿಕೊಂಡು ಅತ್ತಳು.

ಅಕ್ಟೋಬರ್ 29

ದಾವಲ್‌ಸಾಬ್ ಎರಡೂ ಸ್ಪ್ರಿಂಗ್ ಹಾಕಿದ. ಚಾವಿ ಕೊಡೂ ಮುಂದ, ಇಪ್ಪತ್ತಾರು ದಿನ ಆತು ಬೇಟಿ ಅಂದ, ಅಷ್ಟ.

ಖಾಲಿ ನಡಸ್ಕೊಂಡು ಬಂದೆ. ಸಪ್ಪಳ ಇಲ್ಲ.

ನವೆಂಬರ್ 5. ಸಿಂಧನೂರು

ತೊಟ್ಟಲು ಆತು. ನಾ ಬೇಡಿಕೊಂಡಂಗ ಎಲ್ಲಾ ಆತು, ಅದಕ್ಕಿಂತ ಒಂದು ಕೈ ಹೆಚ್ಚಿಗೆನ ಆತು. ಅದ ಅರವತ್ತು ಮಂದಿ, ಅದ ಪಂಕ್ತಿ. ಮಾವ ನಿಂತು, ಕುಬಸದ ದಿನ ನಾ ಆಡಿದ್ದು ತಪ್ಪು ಮಾತು ಅಂತ ಎಲ್ಲಾರಿಗೂ ಕೇಳೂ ಹಂಗ ಹೇಳಿದ.

ಅಲ್ಲಿಗೆ ಬಿಡಬೇಕಿತ್ತು. ಬೀಗರ ಪೈಕಿ ಒಬ್ಬಾಕಿ, ಹಂಗಾರ ತಗೊಳ್ಳೂ ದಿನ ನಿನಗ ಹೆಂಗ ಕೇಳಲಿಲ್ಲವ್ವಾ ಅಂತ ಕೇಳಿದ್ಲು. "ಡಿಕ್ಕ್ಯಾಗ ಎರಡು ಚೀಲ ಅಕ್ಕಿ ಇಡಿಸಿದ್ದನಲ್ಲ ಮಾವ," ಅಂದೆ, ಅಂದು ಸುಮ್ನಾದೆ. ಸುಮ್ನಾಗಿದ್ದು ಬೇಕಂತಲೇ. ಪಂಕ್ತಿ ಪೂರಾ ತಿಳಕೊಂಡ್ತು. ಮೊದಲು ಒಬ್ಬರು ನಕ್ಕರು, ಆಮ್ಯಾಲ ಎಲ್ಲಾರೂ. ಮಾವ ನನ್ನ ನೋಡಿದ. ಎಲಿ ಮ್ಯಾಲಿನ ಹೋಳಿಗಿ ಹಂಗ ಬಿಟ್ಟು ಕೈ ತೊಳಕೊಂಡ.

ತೀರಿತು. ಬಾಳ ಸಮಾಧಾನ ಆತು.

ನವೆಂಬರ್ 8

ಅಕ್ಕಿ ವ್ಯಾಪಾರದ ಗಂಜಿನ್ಯಾಗ ಮಾವನ್ನ ಕಾಡ್ತಾರಂತ, ಅಕ್ಕಿ ಇಟ್ಟು ಗಾಡಿ ಮಾರಿದ ಸಾಹುಕಾರ ಅಂತ. ಹಮಾಲರೂ ನಗ್ತಾರಂತ. ಎರಡು ದಿನದಿಂದ ಅಂಗಡಿಗೆ ಹೋಗಿಲ್ಲ, ಸರಿಯಾಗಿ ಉಂಡಿಲ್ಲ. ಅಕ್ಕ ಫೋನಿನ್ಯಾಗ ಹೇಳಿದ್ಲು. ಖುಷಿ ಆಗಬೇಕು ನನಗ. ಕ್ರಾಸಿನ್ಯಾಗ ಇವತ್ತ ಇಬ್ಬರು ಹೆಣ್ಮಕ್ಕಳನ್ನ ಹತ್ತಿಸ್ಕೊಂಡೆ, ದಾರಿ ಪೂರಾ ಅವರು ಏನು ಮಾತಾಡಿದ್ರೋ ಒಂದೂ ತಲೀಗೆ ಹತ್ತಲಿಲ್ಲ.

ನವೆಂಬರ್ 10, ರವಿವಾರ

ಮುಂಜಾನೆ ಎದ್ದು ಸಿಂಧನೂರಿಗೆ ಹೋದೆ. ಮಾವ ಪಡಸಾಲ್ಯಾಗ ಗ್ವಾಡಿಗೆ ಆತು ಕುಂತಿದ್ದ, ಗಡ್ಡ ಬಂದಿತ್ತು. ಅಕ್ಕ ಮೊರದಾಗ ಅಕ್ಕಿ ಹಸನ ಮಾಡಾಕತ್ತಿದ್ಲು. ಮೇಘಾ ಎರಕೊಳ್ಳಾಕ ಹೋಗಿದ್ಲು, ಕೂಸಿನ್ನ ನನ್ನ ತೊಡಿ ಮ್ಯಾಲ ಹಾಕಿದ್ರು. ಗಡದ್ದಾಗಿ ಮಲಗಿತ್ತು.

ಹೆಂಗ ಶುರು ಮಾಡಬೇಕಂತ ತಿಳೀಲಿಲ್ಲ, ಹಂಗ ಹೇಳಿಬಿಟ್ಟೆ. ಸ್ಪ್ರಿಂಗ್ ಮುರಿದಿದ್ದು ನನಗ ಮಸ್ಕ್ಯಾಗ ಗೊತ್ತಾಗಿಲ್ಲ ಮಾವ. ಅಕ್ಟೋಬರ್ ಮೂರಕ್ಕ ಗೊತ್ತಾಗಿತ್ತು. ಮಿಸ್ತ್ರಿ ಬದಲಿ ಮಾಡ್ತೀನಿ ಅಂದ್ರೂ ಬ್ಯಾಡಂದೆ. ನಿನ್ನ ಮಾರಿ ಸಣ್ಣದು ಮಾಡ್ಬೇಕಂತ ಸಪ್ಪಳ ಉಳಿಸ್ಕೊಂಡೆ. ಗೊತ್ತಿದ್ದು ಇವರನ್ನ ಕೂಡಿಸ್ಕೊಂಡು ಬಂದೆ. ಟೈರ್ ಕೊಯ್ದಿದ್ದು ಗೊತ್ತಿದ್ದು ನಿನಗ ಚಾವಿ ಕೊಟ್ಟೆ. ಅಕ್ಕಿದು ನೀ ಬೇಕಂತ ಮಾಡಿಲ್ಲ ಅಂತ ಗೊತ್ತಿದ್ದು ಎಲ್ಲಾರ ಮುಂದ ಹಂಗ ಅಂದೆ.

ಮಾವ ನನ್ನ ನೋಡಿದ. ಆಮ್ಯಾಲ ನಕ್ಕ, ಇಷ್ಟು ದಿನದಾಗ ಮೊದಲನೇ ಸಲ.

"ಸುಳ್ಳು ಹೇಳಬ್ಯಾಡ. ನಾ ಉಣವಲ್ಲೆ ಅಂತ ನಿಮ್ಮಕ್ಕ ಹೇಳಿ ಕಳಿಸ್ಯಾಳ, ನನ್ನ ಮನಸ್ಸು ಹಗುರ ಮಾಡಾಕ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಗೊತ್ತಿದ್ದು ಈ ಕೂಸಿನ್ನ ಆ ಗಾಡ್ಯಾಗ ಕೂಡಿಸ್ತಿದ್ದೇನು ನೀ? ನೀ ಅಂಥಾಕಿ ಅಲ್ಲ."

ಖರೇ ಮಾವ, ದಾವಲ್‌ಸಾಬನ್ನ ಕೇಳು ಅಂದೆ. ಬಿಡಬೇ ಸಾಕು ಅಂತ ಎದ್ದು, ಗಡ್ಡ ಸವರಿಕೊಂಡು, ಚಾ ಮಾಡಿಸ್ತೀನಿ ಇರು ಅಂತ ಹಿತ್ತಲಕ್ಕ ಹೋದ.

ಅಕ್ಕನ ಕೈ ಮೊರದಾಗ ನಿಂತಿತ್ತು. ಅಕಿ ನನ್ನ ಎತ್ತಿ ಆಡಿಸಿದಾಕಿ. ನಾ ಯಾವಾಗ ಖರೇ ಹೇಳ್ತೀನಿ ಅಂತ ಅಕಿಗೆ ಗೊತ್ತು. ಮೊರ ಬಾಜೂಕ ಇಟ್ಟು ಎದ್ದು ಬಂದು, ನನ್ನ ತೊಡಿ ಮ್ಯಾಲಿಂದ ಕೂಸಿನ್ನ ಎತ್ತಿಕೊಂಡು ಒಳಗ ಹೋದ್ಲು.